ಕನಸಿನ ಅರ್ಥ ಹುಡುಕಿದ ಮನೋವಿಜ್ಞಾನ

ಕನಸು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಬಹಳ ಹಳೆಯದು. ಚರಕ ಸಂಹಿತೆಯ ಇಂದ್ರಿಯಸ್ಥಾನ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ದೇಹದ ದೋಷದಿಂದ ಹುಟ್ಟುವುದು. ಮೊದಲ ಐದು ಬಗೆಯ ಕನಸುಗಳಿಗೆ ಫಲವಿಲ್ಲ ಎಂದೂ ಹೇಳುತ್ತದೆ. ಹಲ್ಲು ಬಿದ್ದ ಕನಸಿಗೆ ಇಂಥ ಫಲ, ಹಾವು ಕಂಡರೆ ಅಂಥ ಫಲ ಎಂದು ಪಟ್ಟಿ ಕೊಡುವ ಪುಸ್ತಕಗಳು ಇಂದಿಗೂ ಬಿಕರಿಯಾಗುತ್ತಿರುವಾಗ ಚರಕನ ಈ ಎಚ್ಚರಿಕೆ ಗಮನಿಸತಕ್ಕದ್ದು.

ಆಧುನಿಕ ಮನೋವಿಜ್ಞಾನದಲ್ಲಿ ಈ ಚರ್ಚೆಗೆ ನಾಂದಿ ಹಾಡಿದವರು ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್. ಅವರ ‘ಕನಸುಗಳ ವ್ಯಾಖ್ಯಾನ’ 1899ರ ನವೆಂಬರಿನಲ್ಲಿ ಹೊರಬಂತು. ಮೊದಲ ಮುದ್ರಣದ 600 ಪ್ರತಿಗಳು ಖರ್ಚಾಗಲು ಸುಮಾರು ಎಂಟು ವರ್ಷ ಹಿಡಿಯಿತು. ಮನಸ್ಸು ಒಪ್ಪಿಕೊಳ್ಳಲಾರದೆ ಅದುಮಿಟ್ಟ ಬಯಕೆಗಳು ನಿದ್ದೆಯಲ್ಲಿ ವೇಷ ಮರೆಸಿಕೊಂಡು ಬರುತ್ತವೆ ಎಂಬುದು ಅವರ ವಾದ. ಕನಸಿನ ಒಂದೊಂದು ತುಣುಕನ್ನೂ ಹಿಡಿದು, ಅದರಿಂದ ಏನೇನು ನೆನಪಾಗುತ್ತದೋ ಅದನ್ನೆಲ್ಲ ಕನಸು ಕಂಡವರ ಬಾಯಿಂದಲೇ ಹೇಳಿಸುವುದು ಅವರ ಮುಖ್ಯ ವಿಧಾನವಾಗಿತ್ತು. ಆದರೆ ಯಾವ ಕನಸನ್ನಾದರೂ ಬಯಕೆಯೊಂದಕ್ಕೆ ತಂದು ಜೋಡಿಸಬಹುದಾದ ಸಿದ್ಧಾಂತವನ್ನು ಪರೀಕ್ಷಿಸುವುದು ಹೇಗೆ? ಈ ಆಕ್ಷೇಪಕ್ಕೆ ತೃಪ್ತಿಕರ ಉತ್ತರ ಸಿಗಲಿಲ್ಲ. 1913ರ ಹೊತ್ತಿಗೆ ಫ್ರಾಯ್ಡ್‌ರಿಂದ ದೂರವಾದ ಕಾರ್ಲ್ ಯೂಂಗ್, ಎಚ್ಚರದ ಮನಸ್ಸು ಕಡೆಗಣಿಸಿದ್ದನ್ನು ಕನಸು ತುಂಬಿಕೊಡುತ್ತದೆ ಎಂದರು.

ಕನಸಿನ ಅಧ್ಯಯನ ಪ್ರಯೋಗಾಲಯಕ್ಕೆ ಬಂದದ್ದು ಶಿಕಾಗೊ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ವಿದ್ಯಾರ್ಥಿ ಯೂಜೀನ್ ಅಸೆರಿನ್‌ಸ್ಕಿ ತಮ್ಮ ಎಂಟು ವರ್ಷದ ಮಗನನ್ನು ಮಲಗಿಸಿ, ಕಣ್ಣಿನ ಚಲನೆಯನ್ನು ಯಂತ್ರದಲ್ಲಿ ದಾಖಲಿಸುತ್ತಿದ್ದರು. ಗಾಢ ನಿದ್ದೆಯಲ್ಲಿದ್ದ ಮಗುವಿನ ಕಣ್ಣುಗುಡ್ಡೆಗಳು ಆಗಾಗ ರೆಪ್ಪೆಯೊಳಗೇ ವೇಗವಾಗಿ ಹೊರಳಾಡುತ್ತಿದ್ದವು. 1953ರಲ್ಲಿ ಅವರೂ ಅವರ ಗುರು ನೆಥಾನಿಯಲ್ ಕ್ಲೈಟ್‌ಮನ್ನರೂ ಇದನ್ನು ಪ್ರಕಟಿಸಿದರು. ಇಂದು ಇದಕ್ಕೆ ‘ರೆಮ್’ ನಿದ್ದೆ ಎಂದು ಹೆಸರು. ಆ ಹಂತದಲ್ಲಿ ಎಬ್ಬಿಸಿದರೆ ಹೆಚ್ಚಿನವರು ಕನಸನ್ನು ವಿವರವಾಗಿ ಹೇಳುತ್ತಾರೆ. ಮಿದುಳು ಬಹುಮಟ್ಟಿಗೆ ಎಚ್ಚರದಲ್ಲಿರುವಂತೆಯೇ ಚಟುವಟಿಕೆಯಿಂದಿದ್ದರೂ ಕೈಕಾಲಿನ ಸ್ನಾಯುಗಳು ಸಡಿಲಗೊಂಡಿರುತ್ತವೆ. ಇಲ್ಲವಾದರೆ ಕನಸಿನಲ್ಲಿ ಓಡಿದವರು ಹಾಸಿಗೆಯಿಂದ ಎದ್ದು ಓಡಬೇಕಾಗುತ್ತಿತ್ತು.

ರೆಮ್ ಹಂತ ಸುಮಾರು 90 ನಿಮಿಷಕ್ಕೊಮ್ಮೆ ಮರಳುತ್ತದೆ. ಮೊದಲ ಸಲ ಕೆಲವೇ ನಿಮಿಷ ಇರುವ ಅದು ರಾತ್ರಿ ಕಳೆದಂತೆ ದೀರ್ಘವಾಗುತ್ತ ಹೋಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಮ್ಮ ನಂಬಿಕೆಯ ಹಿಂದೆ ಈ ಲಯದ ಪಾತ್ರವಿರಬೇಕು. ಆ ಹೊತ್ತಿನ ಕನಸು ಉದ್ದವಾಗಿಯೂ ಸ್ಪಷ್ಟವಾಗಿಯೂ ಇರುತ್ತದೆ, ಬೇಗನೆ ಎಚ್ಚರವಾಗುವುದರಿಂದ ನೆನಪಿನಲ್ಲೂ ಉಳಿಯುತ್ತದೆ.

ಈ ಶೋಧದ ಬಲದ ಮೇಲೆ ಹಾರ್ವರ್ಡಿನ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲಿ 1977ರಲ್ಲಿ ಫ್ರಾಯ್ಡ್ ವಾದವನ್ನೇ ತಳ್ಳಿಹಾಕಿದರು. ಮಿದುಳಿನ ಕಾಂಡದಿಂದ ಹೊರಡುವ ಸಂಕೇತಗಳಿಗೆ ಮೇಲಿನ ಮಿದುಳು ಹೇಗೋ ಕಥೆ ಕಟ್ಟುತ್ತದೆ, ಅದೇ ಕನಸು ಎಂದರು. ಇದನ್ನು ಅಲುಗಾಡಿಸಿದವರು ಮಾರ್ಕ್ ಸೋಮ್ಸ್. ಮಿದುಳಿಗೆ ಪೆಟ್ಟಾದ ರೋಗಿಗಳಲ್ಲಿ ಕಾಂಡ ಸರಿಯಿದ್ದೂ ಕನಸು ನಿಂತುಹೋದವರನ್ನು ಅವರು ಗುರುತಿಸಿದರು. ಬಯಕೆ, ಹುಡುಕಾಟಗಳಿಗೆ ಸಂಬಂಧಿಸಿದ ಮುಂಭಾಗದ ನರಮಾರ್ಗಗಳು ಹಾನಿಗೊಂಡಾಗಲೂ ಹೀಗಾಗುತ್ತಿತ್ತು. ಕನಸಿಗೂ ಬಯಕೆಗೂ ನಂಟಿದೆ ಎಂಬ ಮಾತು ಇದರಿಂದ ಮತ್ತೆ ಚರ್ಚೆಗೆ ಬಂತು.

ಅರ್ಥದ ಪ್ರಶ್ನೆಗೆ ಹೆಚ್ಚು ನಂಬಲರ್ಹ ಉತ್ತರ ಬಂದದ್ದು ಕನಸುಗಳನ್ನು ಎಣಿಸಿದವರಿಂದ. ಕ್ಯಾಲ್ವಿನ್ ಹಾಲ್ ಮತ್ತು ರಾಬರ್ಟ್ ವ್ಯಾನ್ ಡಿ ಕ್ಯಾಸಲ್ 200 ಕಾಲೇಜು ವಿದ್ಯಾರ್ಥಿಗಳ 1,000 ಕನಸುಗಳನ್ನು ಬಿಡಿಸಿ, ಯಾರು ಬಂದರು, ಏನಾಯಿತು, ಯಾವ ಭಾವ ಇತ್ತು ಎಂದು ವರ್ಗೀಕರಿಸಿ 1966ರಲ್ಲಿ ಪ್ರಕಟಿಸಿದರು. ಸ್ನೇಹಕ್ಕಿಂತ ಜಗಳ ಹೆಚ್ಚು, ಸಂತೋಷಕ್ಕಿಂತ ಆತಂಕ ಹೆಚ್ಚು. ಹಗಲಿನ ಚಿಂತೆ, ಆಸಕ್ತಿ, ಸಂಬಂಧಗಳೇ ಕನಸಿನಲ್ಲೂ ಮುಂದುವರಿಯುತ್ತವೆ ಎಂಬುದು ಹಾಲ್ ಅವರ ನಿಲುವು. ಹಾಗಾಗಿ ಒಂದೇ ಹಾವು ರೈತನ ಕನಸಿನಲ್ಲೂ ನಗರದ ವಿದ್ಯಾರ್ಥಿಯ ಕನಸಿನಲ್ಲೂ ಒಂದೇ ಅರ್ಥ ಹೊರಲಾರದು. ವಿಚ್ಛೇದನದ ನಂತರ ಖಿನ್ನತೆಗೊಳಗಾದವರನ್ನು ಅಧ್ಯಯನ ಮಾಡಿದ ರೋಸಲಿಂಡ್ ಕಾರ್ಟ್‌ರೈಟ್, ಮಾಜಿ ಸಂಗಾತಿ ಕನಸಿಗೆ ಬರುತ್ತಿದ್ದವರು ಒಂದು ವರ್ಷದ ನಂತರ ಹೆಚ್ಚು ಚೇತರಿಸಿಕೊಂಡಿದ್ದನ್ನು ಕಂಡರು. ನೋವನ್ನು ಅರಗಿಸಿಕೊಳ್ಳುವ ಕೆಲಸದಲ್ಲಿ ಕನಸಿಗೂ ಪಾಲಿದೆ ಎಂದು ಅವರು ನಂಬಿದ್ದರು.

ಆ ಕೆಲಸ ಕೆಟ್ಟುನಿಂತಾಗ ಒಂದೇ ದುಃಸ್ವಪ್ನ ರಾತ್ರಿಯಿಂದ ರಾತ್ರಿಗೆ ಕಾಡುತ್ತದೆ. ಆಘಾತ ಅನುಭವಿಸಿದವರಲ್ಲಿ ಇದು ಹೆಚ್ಚು. ಅಮೆರಿಕದ ಬ್ಯಾರಿ ಕ್ರಾಕೋ ಬೆಳೆಸಿದ ಚಿಕಿತ್ಸೆ ಸರಳವಾದದ್ದು: ಕನಸನ್ನು ಬರೆದು, ಅದರ ಕಥೆಯನ್ನು ತಮಗೆ ಬೇಕಾದಂತೆ ಬದಲಿಸಿ, ಹೊಸ ಕಥೆಯನ್ನು ದಿನವೂ ಎಚ್ಚರದಲ್ಲಿದ್ದಾಗ ಕೆಲವು ನಿಮಿಷ ಮನಸ್ಸಿನಲ್ಲೇ ನೋಡಬೇಕು. ಗೂಢಾರ್ಥ ಬಿಡಿಸುವ ಗೋಜಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 168 ಮಹಿಳೆಯರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಚಿಕಿತ್ಸೆ ಪಡೆದವರಿಗೆ ದುಃಸ್ವಪ್ನಗಳು ಕಡಿಮೆಯಾದವು, ನಿದ್ದೆ ಸುಧಾರಿಸಿತು, ಆಘಾತದ ಇತರ ಲಕ್ಷಣಗಳೂ ಇಳಿದವು.