ಗ್ಯಾರೇಜಿನಲ್ಲಿ ರಸಮಟ್ಟ

ಕ್ಯಾಲಿಫೋರ್ನಿಯಾದ ಮೊಹಾವಿ ಊರಿನ ಹೊರಗೊಂದು ಮನೆ. ಕಾರು ಬಿಸಿಲಲ್ಲಿ ನಿಂತಿದೆ. ಅದರ ಗ್ಯಾರೇಜನ್ನು ವಿಮಾನ ಆಕ್ರಮಿಸಿದೆ. ಲಾಂಗ್-ಈಜಿ ಎಂಬ ಎರಡು ಸೀಟಿನ ಈ ವಿಮಾನವನ್ನು ಬರ್ಟ್ ರುಟಾನ್ ರೂಪಿಸಿದ್ದು ಇದೇ ಊರಲ್ಲಿ. ಅದು ಮೊದಲು ಹಾರಿದ್ದು 1979ರಲ್ಲಿ. ಎಂಜಿನ್ ಹಿಂಬದಿಗೆ, ಪುಟ್ಟದೊಂದು ರೆಕ್ಕೆ ಮೂತಿಗೆ. ಆ ಪುಟ್ಟ ರೆಕ್ಕೆಯೇ ಕನಾರ್ಡ್. ಇವತ್ತು ಅದನ್ನು ಕೂರಿಸುವ ಕೆಲಸ.

ಒಳಗೆ ಕಾಲಿಟ್ಟರೆ ಎಡಗಡೆ ನೀಲಿ ಫೋಮಿನ ತುಂಡುಗಳು. ಕಾದ ತಂತಿಯ ಎರಡು ತುದಿಗಳನ್ನು ಇಬ್ಬರು ಹಿಡಿದು, ಟೆಂಪ್ಲೇಟಿನ ಮೇಲೆ ಬರೆದ ಅಂಕಿಗಳನ್ನು ಕೂಗಿಕೊಳ್ಳುತ್ತ, ಒಂದೇ ಹದದಲ್ಲಿ ಎಳೆದು ಕತ್ತರಿಸಿದ್ದು. ಅದರ ಮೇಲೆ ಗಾಜಿನ ಬಟ್ಟೆ, ಎಪಾಕ್ಸಿ. ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ರೂಪಿಸಿದ ಹಂಸ ವಿಮಾನದ ಮೈಯೂ ಫೈಬರ್‌ಗ್ಲಾಸಿನದೇ, ಆದರೆ ಅದು ಮೂಡುವುದು ಅಚ್ಚಿನಲ್ಲಿ. ಇಲ್ಲಿ ಅಚ್ಚೇ ಇಲ್ಲ. ಪ್ರತಿಯೊಂದನ್ನೂ ಅಳೆದಳೆದೇ ನೆಟ್ಟಗೆ ಮಾಡಬೇಕು.

ವಿಮಾನದ ಒಡಲು ಮರದ ಸ್ಟ್ಯಾಂಡಿನ ಮೇಲಿದೆ. ಮನೆಯ ಯಜಮಾನರು, ಅವರ ಹೆಂಡತಿ ಎರಡು ಬದಿಗೆ ನಿಂತು, ನಮ್ಮ ಗಾರೆ ಮೇಸ್ತ್ರಿಗಳ ಹಾಗೆಯೇ, ನೀರು ತುಂಬಿದ ಪಾರದರ್ಶಕ ಪೈಪಿನಲ್ಲಿ ಮಟ್ಟ ನೋಡುತ್ತಿದ್ದಾರೆ. ಪೈಪಿನೊಳಗೆ ಗುಳ್ಳೆ ಸಿಕ್ಕಿಕೊಂಡರೆ ಮಟ್ಟ ಸುಳ್ಳು ಹೇಳುತ್ತದೆ. ಆಕೆ ಬೆರಳಿನಿಂದ ತಟ್ಟಿ ತಟ್ಟಿ ಗುಳ್ಳೆಯನ್ನು ಹೊರಡಿಸಿದರು. ಒಡಲು ಸಮಮಟ್ಟಕ್ಕೆ ಬರುವ ತನಕ ಕನಾರ್ಡನ್ನು ಮುಟ್ಟುವ ಹಾಗಿಲ್ಲ.

ಆಮೇಲೆ ಅಸಲಿ ಕೆಲಸ. ಕನಾರ್ಡಿನ ಬೆನ್ನಿನ ಬಾಗಿಗೆ ಸರಿಯಾಗಿ ಕೂರುವ ಟೆಂಪ್ಲೇಟನ್ನು ಅದರ ಮೇಲಿಟ್ಟು, ಟೆಂಪ್ಲೇಟಿನ ಮೇಲೆ ರಸಮಟ್ಟ. ಗುಳ್ಳೆ ನಡುವೆ ನಿಂತರೆ ಕೋನ ಸರಿ. ಬಲಗಡೆ ನೋಡಿ, ಎಡಗಡೆ ನೋಡಿ, ಮತ್ತೆ ಬಲಗಡೆ: ಒಂದನ್ನು ತಿದ್ದಿದರೆ ಇನ್ನೊಂದು ಜಾರುತ್ತದೆ. ನಂತರ ಉಕ್ಕಿನ ಟೇಪು, ಕನಾರ್ಡಿನ ಎರಡೂ ತುದಿಗಳಿಂದ ಹಿಂದಿನ ನಡುಗೆರೆಯ ಒಂದೇ ಬಿಂದುವಿಗೆ. ದಾರ ಹಿಗ್ಗುತ್ತದೆ, ಅದಕ್ಕೆ ಟೇಪು. ಅದನ್ನೂ ಎರಡು ಸಲ ಒಂದೇ ಬಿಗಿಯಲ್ಲಿ ಎಳೆಯಬೇಕು.

ಇಷ್ಟು ಕಟ್ಟುನಿಟ್ಟು ಯಾಕೆ? ವೇಗ ತೀರಾ ಇಳಿದಾಗ ಹಿಂದಿನ ದೊಡ್ಡ ರೆಕ್ಕೆಗಿಂತ ಮೊದಲು ಕನಾರ್ಡ್ ಎತ್ತುವ ಬಲ ಕಳೆದುಕೊಳ್ಳಬೇಕು. ಆಗ ಮೂತಿ ತಾನಾಗಿ ಬಾಗಿ ವೇಗ ಮರಳುತ್ತದೆ. ದೊಡ್ಡ ರೆಕ್ಕೆ ಮೊದಲು ಸೋತರೆ ಪೈಲಟ್ ಗಂಡಾಂತರದಲ್ಲಿ. ಈ ವಿನ್ಯಾಸದ ಜಾಣತನವೆಲ್ಲ ಆ ಒಂದು ಕೋನದಲ್ಲಿ ಅಡಗಿದೆ ಎಂದರೆ ಅತಿಯಾಗಲಾರದು.

ಅಳತೆ ಕೂಡಿಬಂತು. ಹಿಡಿದಿಡುವುದು ಮಾತ್ರ ಸೋಜಿಗ: ಕಾರಿನ ಡೆಂಟ್ ಮುಚ್ಚುವ ಬಾಂಡೊ ಪುಟ್ಟಿ! ಮರದ ಪಟ್ಟಿಗಳನ್ನು ಅದರಲ್ಲೇ ಅಂಟಿಸಿದರು. ಕೆಲಸ ಮುಗಿದ ಮೇಲೆ ಉಳಿಯಲ್ಲಿ ತಟ್ಟಿದರೆ ಬಿಟ್ಟುಕೊಳ್ಳುತ್ತದಂತೆ. ಪುಟ್ಟಿ ಗಟ್ಟಿಯಾಗುತ್ತಲೇ ಯಜಮಾನರು ರಸಮಟ್ಟ ಇಟ್ಟು ಇನ್ನೊಮ್ಮೆ ನೋಡಿದರು, ಆಮೇಲೇ ಡ್ರಿಲ್ ಕೈಗೆತ್ತಿಕೊಂಡದ್ದು.

ದೊಡ್ಡ ರೆಕ್ಕೆಗಳ ಸರದಿ ಬಾಕಿ ಇದೆ. ತುದಿಯಿಂದ ತುದಿಗೆ 26 ಅಡಿ, ಗ್ಯಾರೇಜು ಸಾಲದು. ಅಂಗಳಕ್ಕೆ ತಂದು ಜೋಡಿಸಬೇಕು. ಮೊಹಾವಿಯ ಗಾಳಿ ಹೇಳಿ ಕೇಳಿ ಬಿರುಸು, ಹಾಗಾಗಿ ಬೆಳಗಿನ ಜಾವವೇ ಆಗಬೇಕು ಎಂದು ಆಕೆ ಕ್ಯಾಲೆಂಡರ್ ನೋಡತೊಡಗಿದರು.