ಮೇಘಗಣನೆಯಲ್ಲಿ ವರ್ಧನಕ್ಷಮತೆಯ ವಿಚಾರ

‘ಸ್ಕೇಲಬಿಲಿಟಿ’ ಎಂಬ ಪಾರಿಭಾಷಿಕ ಶಬ್ದಕ್ಕೆ ಸಮಾನವಾದ ಪದವೊಂದು ಕನ್ನಡದಲ್ಲಿ ಇನ್ನೂ ನೆಲೆಗೊಂಡಂತೆ ತೋರುವುದಿಲ್ಲ. ‘ವಿಸ್ತರಣ’ವೆಂದರೆ ಅದು ಕ್ರಿಯೆಯನ್ನು ಹೇಳುತ್ತದೆಯೇ ಹೊರತು ಗುಣವನ್ನು ಹೇಳುವುದಿಲ್ಲ; ‘ಬೃಹತ್ತ್ವ’ವೆಂದರೆ ಗಾತ್ರಮಾತ್ರವು ತಿಳಿದುಬರುವುದು. ಗಾತ್ರವು ಬೇರೆ; ಹೊರೆಯು ಹೆಚ್ಚಿದಂತೆಲ್ಲ ತಕ್ಕ ಸಾಧನಗಳನ್ನು ಕೂಡಿಸಿದರೆ ಕೆಲಸವು ಕೆಡದೆ ಸಾಗತಕ್ಕ ಯೋಗ್ಯತೆಯು ಬೇರೆ. ಈ ಯೋಗ್ಯತೆಯನ್ನು ಪ್ರಕೃತ ಲೇಖನದಲ್ಲಿ ‘ವರ್ಧನಕ್ಷಮತೆ’ಯೆಂದು ಕರೆಯಲಾಗಿದೆ. ಚಿಕ್ಕ ವ್ಯವಸ್ಥೆಯೂ ವರ್ಧನಕ್ಷಮವಾಗಿರಬಹುದು, ಬಲು ದೊಡ್ಡದೂ ಹಾಗಿಲ್ಲದಿರಬಹುದು. ನಿಘಂಟುಗಳೂ ಶಾಸನಸಂಪುಟಗಳೂ ಗಣಕಯಂತ್ರಗಳ ಆಶ್ರಯಕ್ಕೆ ಸೇರುತ್ತಿರುವ ಈ ಕಾಲದಲ್ಲಿ ಇದು ಸಾಹಿತ್ಯಾಧ್ಯಾಪಕರಿಗೆ ಹೊರಗಿನ ವಿಷಯವೆಂದು ಹೇಳುವಂತಿಲ್ಲ.

ಮೊದಲು ‘ಮೇಘ’ದ ಮಾತು. ತಂತ್ರಜ್ಞರು ತಮ್ಮ ನಕ್ಷೆಗಳಲ್ಲಿ, ಒಳವಿವರವನ್ನು ತೋರಿಸಬೇಕಾಗಿಲ್ಲದ ಜಾಲಭಾಗವನ್ನು ಮೋಡದ ಆಕಾರದಿಂದ ಸೂಚಿಸುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಬೇರೊಬ್ಬರ ಯಂತ್ರಶಾಲೆಯಲ್ಲಿರುವ ಗಣಕಗಳನ್ನು ಬೇಕಾದಷ್ಟು ಹೊತ್ತು ಬಾಡಿಗೆಗೆ ಪಡೆದು, ಬಳಸಿದಷ್ಟಕ್ಕೆ ಹಣ ಕೊಡುವ ಏರ್ಪಾಡಿಗೆ ಮೇಘಗಣನೆಯೆಂದು ಹೆಸರು. ಅಮೆಜಾನ್ ಸಂಸ್ಥೆಯು ೨೦೦೬ರಲ್ಲಿ ಇಂತಹ ಬಾಡಿಗೆಯನ್ನು ಆರಂಭಿಸಿದ ಮೇಲೆ ಅದು ಲೋಕರೂಢಿಯಾಯಿತು. ಕೇಳಿದವರಿಗೆ ಕೇಳಿದ್ದನ್ನು ಒದಗಿಸುವ ಯಂತ್ರಕ್ಕೆ ‘ಸರ್ವರ್’ ಎನ್ನುತ್ತಾರೆ. ಕನ್ನಡಿಗರಿಗೆ ಈ ಶಬ್ದವು ಹೋಟೆಲಿನಿಂದ ಮೊದಲೇ ಪರಿಚಿತವಾದದ್ದು. ಉಡುಪಿ ಹೋಟೆಲುಗಳು ದೇಶವಿದೇಶಗಳಿಗೆ ಹರಡಿದ ಸೀಮೆಯವರಿಗಂತೂ ಅದರ ಅರ್ಥವನ್ನು ವಿವರಿಸಬೇಕಾದದ್ದಿಲ್ಲ. ಯಂತ್ರದ ಸರ್ವರನೂ ಮಾಡುವುದು ಅದೇ ಕೆಲಸವನ್ನು: ಒಬ್ಬೊಬ್ಬರ ಬೇಡಿಕೆಯನ್ನು ಪ್ರತ್ಯೇಕವಾಗಿ ಕೇಳಿ ಪ್ರತ್ಯೇಕವಾಗಿ ಪೂರೈಸುವುದು. ಕಾಪುವಿನ ಕಡಲತೀರದ ಬಂಡೆಯ ಮೇಲೆ ೧೯೦೧ರಿಂದ ನಿಂತಿರುವ ದೀಪಸ್ತಂಭದ ರೀತಿಯು ಹೀಗಲ್ಲ. ಅದರ ಬೆಳಕನ್ನು ಒಂದು ದೋಣಿ ನೋಡಿದರೂ ನೂರು ಹಡಗುಗಳು ನೋಡಿದರೂ ದೀಪಕ್ಕೆ ಹೆಚ್ಚಿನ ಶ್ರಮವಿಲ್ಲ. ಸರ್ವರಿಗೆ ಪ್ರತಿಯೊಬ್ಬ ಪೃಚ್ಛಕನೂ ಹೊಸ ಹೊರೆಯೇ. ಪರೀಕ್ಷೆಯ ಫಲಿತಾಂಶದ ದಿನ ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ಗಳಿಗೆಯಲ್ಲಿ ಕೇಳಹೊರಟಾಗ ಯಂತ್ರವು ತಬ್ಬಿಬ್ಬಾಗುವುದು ಈ ಕಾರಣದಿಂದ.

ಹೊರೆ ಹೆಚ್ಚಿದಾಗ ಮಾಡತಕ್ಕ ಉಪಾಯಗಳು ಎರಡು. ಇರುವ ಯಂತ್ರವನ್ನು ತೆಗೆದು ಅದಕ್ಕಿಂತ ಬಲವಾದದ್ದನ್ನು ಇಡುವುದು ಊರ್ಧ್ವವರ್ಧನ. ಸಾಧಾರಣ ಯಂತ್ರಗಳನ್ನೇ ಒಂದರ ಪಕ್ಕಕ್ಕೊಂದು ಕೂಡಿಸುತ್ತ ಹೋಗುವುದು ಪಾರ್ಶ್ವವರ್ಧನ. ಕಾರ್ಕಳದಲ್ಲಿ ಎರಡಕ್ಕೂ ಕಲ್ಲಿನ ಉಪಮಾನಗಳಿವೆ. ೧೪೩೨ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟಮೂರ್ತಿಯು ೪೨ ಅಡಿಯ ಏಕಶಿಲೆ. ಅದರ ಭವ್ಯತೆಗೆ ಏಕತ್ವವೇ ಕಾರಣ. ಆದರೆ ಅದಕ್ಕಿಂತ ಒಂದಡಿ ಎತ್ತರವಾದದ್ದು ಬೇಕೆಂದರೆ ಹೊಸ ಬಂಡೆಯನ್ನೇ ಹುಡುಕಬೇಕು. ಊರ್ಧ್ವವರ್ಧನದ ಮಿತಿಯೂ ಅದೇ. ಅದೇ ಊರಿನಲ್ಲಿ ಇಮ್ಮಡಿ ಭೈರವರಸನು ೧೫೮೬ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯ ಪರಿಯೇ ಬೇರೆ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಮುಖ, ಒಂದೇ ಬಗೆಯ ಬಾಗಿಲು. ಯಾವ ಬಾಗಿಲಿನಿಂದ ಒಳಹೊಕ್ಕರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತರೆಂಬ ಅದೇ ಮೂವರು ತೀರ್ಥಂಕರರು. ಬಂದವರನ್ನು ಯಾವ ಬಾಗಿಲಿಗೆ ಕಳುಹಿಸಿದರೂ ದರ್ಶನದಲ್ಲಿ ಭೇದವಿಲ್ಲವಾದ್ದರಿಂದ ಜನಸಂದಣಿಯನ್ನು ನಾಲ್ಕಾಗಿ ಹಂಚುವುದು ಸುಲಭ. ಮೇಘದಲ್ಲಿಯೂ ಬರುವ ಬೇಡಿಕೆಗಳನ್ನು ಹಲವು ಸರ್ವರುಗಳಿಗೆ ಹಂಚತಕ್ಕ ಒಂದು ದ್ವಾರಪಾಲಕ ಯಂತ್ರವಿರುವುದು, ಅದನ್ನು ಭಾರಸಮತೋಲಕವೆನ್ನಬಹುದು.

ಆದರೆ ಬಸದಿಯ ಬಿಂಬಗಳು ಬದಲಾಗತಕ್ಕವುಗಳಲ್ಲ. ಬದಲಾಗುವ ವಸ್ತುವನ್ನು ನಾಲ್ಕು ಕಡೆ ಇಟ್ಟಾಗ ಕಷ್ಟವು ತಲೆದೋರುತ್ತದೆ, ಇದಕ್ಕೆ ಲೆಕ್ಕದ ಪುಸ್ತಕಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಉಡುಪಿಯಲ್ಲಿ ೧೯೨೫ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಈ ಮೂವರು ೮೦೦೦ ರೂಪಾಯಿಗಳ ಮೂಲಧನದಿಂದ ಸ್ಥಾಪಿಸಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮುಂದೆ ಮಣಿಪಾಲದಲ್ಲಿ ಪ್ರಧಾನ ಕಚೇರಿಯನ್ನಿಟ್ಟುಕೊಂಡು ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾದದ್ದು ಇದೇ ಸಂಸ್ಥೆ. ಎರಡಾಣೆಯಷ್ಟು ಸಣ್ಣ ಮೊತ್ತವನ್ನು ದಿನದಿನವೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸುವ ಈ ಕ್ರಮವು ಪಾರ್ಶ್ವವರ್ಧನದ ಅಚ್ಚಾದ ಮಾದರಿ. ಠೇವಣಿದಾರರು ಹೆಚ್ಚಿದರೆ ಬ್ಯಾಂಕಿನ ಕಟ್ಟಡವನ್ನು ದೊಡ್ಡದು ಮಾಡಬೇಕಾಗಿಲ್ಲ, ಇನ್ನೊಬ್ಬ ಪಿಗ್ಮಿ ಏಜೆಂಟನನ್ನು ನೇಮಿಸಿದರಾಯಿತು. ಒಂದು ಮನೆಗೆ ಒಬ್ಬನೇ ಏಜೆಂಟನೆಂದಿಟ್ಟರೆ ಆ ಮನೆಯ ಲೆಕ್ಕವನ್ನು ಇಬ್ಬರು ಏಕಕಾಲದಲ್ಲಿ ತಿದ್ದುವ ಪ್ರಸಂಗವೇ ಬಾರದು. ದತ್ತಾಂಶವನ್ನು ಹೀಗೆ ಪಾಲುಮಾಡಿ ಒಂದೊಂದು ಪಾಲನ್ನು ಒಂದೊಂದು ಯಂತ್ರಕ್ಕೆ ಒಪ್ಪಿಸುವುದನ್ನು ವಿಭಾಗೀಕರಣವೆನ್ನಬಹುದು. ಒಬ್ಬನೇ ಠೇವಣಿದಾರನು ಎರಡು ಊರುಗಳ ಶಾಖೆಗಳಲ್ಲಿ ಒಂದೇ ಕ್ಷಣದಲ್ಲಿ ಹಣ ತೆಗೆಯಹೊರಟರೆ ಮಾತ್ರ ತೊಡಕು. ಎರಡು ಪ್ರತಿಗಳ ನಡುವಣ ಸಂಪರ್ಕವು ಕಡಿದಾಗ ವ್ಯವಸ್ಥೆಯು ಉತ್ತರ ಕೊಡದೆ ಸುಮ್ಮನಿರಬೇಕು, ಇಲ್ಲವೆ ಹಳೆಯ ಉತ್ತರವನ್ನು ಕೊಡುವ ಅಪಾಯಕ್ಕೆ ಒಪ್ಪಬೇಕು, ಮೂರನೆಯ ದಾರಿಯಿಲ್ಲ. ಎರಿಕ್ ಬ್ರೂಯರನು ೨೦೦೦ದಲ್ಲಿ ಊಹೆಯಾಗಿ ಮುಂದಿಟ್ಟ ಈ ಮಾತನ್ನು ೨೦೦೨ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಎಂಬವರು ಗಣಿತರೀತ್ಯಾ ಸಾಧಿಸಿದರು. ಹಣದ ಲೆಕ್ಕದಲ್ಲಿ ಮೌನವು ಲೇಸು. ನಿಘಂಟಿನಲ್ಲಾದರೋ ನಿನ್ನೆಯ ಪಾಠವನ್ನು ತೋರಿಸಿದರೂ ಹಾನಿಯಿಲ್ಲ.

ಯಂತ್ರಗಳನ್ನು ಕೂಡಿಸಿದಷ್ಟೂ ವೇಗವು ಹೆಚ್ಚುವುದೆಂಬ ನಂಬಿಕೆಯೂ ಸರಿಯಲ್ಲ. ಕೆಲಸದ ಯಾವುದೋ ಒಂದಂಶವು ಹಂಚಲು ಬಾರದೆ ಉಳಿದೇ ಉಳಿಯುತ್ತದೆ. ಉಡುಪಿಯ ಕೃಷ್ಣಮಠದಲ್ಲಿ ಬಡಿಸುವವರನ್ನೂ ಪಂಕ್ತಿಗಳನ್ನೂ ಹೆಚ್ಚಿಸಬಹುದು. ಆದರೆ ದೇವರ ದರ್ಶನಕ್ಕೆ ಒಂಬತ್ತು ರಂಧ್ರಗಳ ಕಿಂಡಿಯು ಒಂದೇ, ಸಾಲು ಎಷ್ಟು ಉದ್ದವಾದರೂ ಅದರ ಮುಂದೆಯೇ ಸಾಗಬೇಕು. ಇದನ್ನು ಜೀನ್ ಆಮ್ಡಾಲನು ೧೯೬೭ರಲ್ಲಿಯೇ ವಿವೇಚಿಸಿದ್ದಾನೆ. ಹತ್ತರಲ್ಲಿ ಒಂದಂಶ ಕೆಲಸವು ಅವಿಭಾಜ್ಯವಾಗಿದ್ದರೆ ಹತ್ತು ಯಂತ್ರಗಳಿಂದ ದೊರೆಯುವ ವೇಗವು ಸುಮಾರು ಐದು ಮಡಿ, ನೂರರಿಂದ ಒಂಬತ್ತು ಮಡಿ; ಯಂತ್ರಗಳು ಅಸಂಖ್ಯವಾದರೂ ಹತ್ತು ಮಡಿಯನ್ನು ಮೀರಲಾರದು. ಆದಕಾರಣ ಬುದ್ಧಿವಂತನಾದ ತಂತ್ರಜ್ಞನು ಯಂತ್ರವನ್ನು ಕೊಳ್ಳುವ ಮೊದಲು ಕಿಂಡಿಯು ಎಲ್ಲಿದೆಯೆಂದು ನೋಡುತ್ತಾನೆ.

ವರ್ಧನಕ್ಷಮತೆಯೊಡನೆ ಬೆರೆತುಹೋಗುವ ಇನ್ನೊಂದು ಪರಿಭಾಷೆಯೆಂದರೆ ‘ಎಲಾಸ್ಟಿಸಿಟಿ’. ಭೌತಶಾಸ್ತ್ರದಲ್ಲಿ ರೂಢವಾದ ‘ಸ್ಥಿತಿಸ್ಥಾಪಕತೆ’ಯೇ ಇಲ್ಲಿಗೂ ಒಪ್ಪುತ್ತದೆ, ಏಕೆಂದರೆ ಹಿಗ್ಗುವುದಷ್ಟೇ ಅಲ್ಲ, ಹೊರೆ ಇಳಿದೊಡನೆ ಮೊದಲಿನ ಸ್ಥಿತಿಗೆ ಕುಗ್ಗುವುದೂ ಇದರ ಲಕ್ಷಣ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ೨೦೧೧ರಲ್ಲಿ ಮೇಘಗಣನೆಗೆ ಹೇಳಿದ ಐದು ಲಕ್ಷಣಗಳಲ್ಲಿ ಇದೂ ಒಂದು. ವಾದಿರಾಜರ ಕಾಲದಿಂದ ಎರಡು ವರ್ಷಗಳಿಗೊಮ್ಮೆ ಅಷ್ಟಮಠಗಳಲ್ಲಿ ಸರದಿಯಂತೆ ನಡೆದುಬಂದ ಪರ್ಯಾಯೋತ್ಸವವನ್ನು ನೋಡಿದರೆ ಭೇದವು ಸ್ಪಷ್ಟವಾಗುವುದು. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಸುಮಾರು ಒಂದು ವರ್ಷ ಮೊದಲೇ ಸಿದ್ಧತೆಯು ತೊಡಗುತ್ತದೆ. ಸೌದೆಯನ್ನು ರಥದಾಕಾರವಾಗಿ ಒಟ್ಟಿಡುತ್ತಾರೆ. ಬರತಕ್ಕ ಜನವನ್ನು ಅಂದಾಜುಮಾಡಿ ಮುಂಗಡವಾಗಿ ಸಂಗ್ರಹಿಸುವ ಈ ಪದ್ಧತಿಯೇ ಮೇಘಕ್ಕೆ ಹಿಂದಿನ ಗಣಕಶಾಲೆಗಳಲ್ಲಿಯೂ ಇದ್ದದ್ದು. ಅನ್ನಸಂತರ್ಪಣೆಗೆ ಇದು ಸಂಪೂರ್ಣ ಯುಕ್ತ: ನಿತ್ಯವೂ ಒಲೆ ಉರಿಯುವಲ್ಲಿ ಉಳಿದ ಕಟ್ಟಿಗೆ ವ್ಯರ್ಥವಾಗುವುದಿಲ್ಲ. ಆದರೆ ವರ್ಷಕ್ಕೊಂದು ದಿನದ ನೂಕುನುಗ್ಗಲಿಗಾಗಿ ಕೊಂಡ ಯಂತ್ರವು ಉಳಿದ ದಿನಗಳಲ್ಲಿ ಬೆಲೆ ಕಳೆದುಕೊಳ್ಳುತ್ತ ಬಿದ್ದಿರುತ್ತದೆ. ಅಂತಹವರಿಗೆ, ಸಂದಣಿಯ ದಿನ ನೂರು ಸರ್ವರುಗಳನ್ನು ಪಡೆದು ಮರುದಿನ ತೊಂಬತ್ತೆಂಟನ್ನು ಹಿಂದಿರುಗಿಸುವ ಅನುಕೂಲವು ಕಡಿಮೆಯದಲ್ಲ. ಹಿಗ್ಗುವ ಕಾರ್ಯವನ್ನು ಯಂತ್ರಕ್ಕೇ ಬಿಟ್ಟು ಮಿತಿಯನ್ನು ಗೊತ್ತುಮಾಡದಿದ್ದರೆ ತಿಂಗಳ ಕೊನೆಗೆ ಬಿಲ್ಲೂ ಹಾಗೆಯೇ ಹಿಗ್ಗಿರುತ್ತದೆ.

ವಿದ್ವತ್ಸಂಸ್ಥೆಗಳಿಗೆ ಇದೆಲ್ಲವೂ ಬೇಕೆ ಎಂಬುದು ವಿಚಾರಾರ್ಹ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ೧೯೮೮ರಿಂದ ೧೯೯೭ರವರೆಗೆ ಹೊರಬಂದ ತುಳು ನಿಘಂಟು ಆರು ಸಂಪುಟಗಳಷ್ಟಿದೆ. ಅಂತಹ ಗ್ರಂಥದ ಅಕ್ಷರರಾಶಿಯನ್ನು ಒಂದು ಸಾಧಾರಣ ಯಂತ್ರವೇ ಧರಿಸಬಲ್ಲುದು. ಅದನ್ನು ನೋಡುವವರ ಸಂಖ್ಯೆಯೂ ಫಲಿತಾಂಶದ ದಿನದಂತೆ ಏರಿಳಿಯದು. ಇಂತಹ ಕಾರ್ಯಕ್ಕೆ ವರ್ಧನಕ್ಷಮತೆಯ ಹೆಸರಿನಲ್ಲಿ ಹಣ ಸುರಿಯುವುದು ಅನಾವಶ್ಯಕ. ಇಲ್ಲಿಯ ಅಪಾಯವು ಬೇರೆ. ಮೇಘವು ಬಾಡಿಗೆಯ ಮನೆ. ಅನುದಾನ ನಿಂತು ಬಾಡಿಗೆ ತಪ್ಪಿದರೆ ಗ್ರಂಥವೂ ಮನೆಬಿಡಬೇಕಾಗುತ್ತದೆ. ಅಲ್ಲದೆ, ಹಲವು ಸರ್ವರುಗಳಲ್ಲಿ ಹಲವು ಪ್ರತಿಗಳಿರುವಾಗ ಗ್ರಂಥವು ಸುರಕ್ಷಿತವೆಂಬ ಭ್ರಮೆಯುಂಟಾಗುತ್ತದೆ. ಒಂದು ಪ್ರತಿಯಲ್ಲಿ ಅಳಿಸಿದ ನಮೂದು ಕ್ಷಣಮಾತ್ರದಲ್ಲಿ ಎಲ್ಲದರಲ್ಲಿಯೂ ಅಳಿದುಹೋಗುವಂತೆ ಅವುಗಳನ್ನು ಜೋಡಿಸಿರುತ್ತಾರೆ. ಗ್ರಂಥಸಂಪಾದನೆಯ ಅಭ್ಯಾಸವುಳ್ಳವರಿಗೆ ಇದು ಹೊಸದಲ್ಲ: ಒಂದೇ ಮಾತೃಕೆಯಿಂದ ಇಳಿದ ಹತ್ತು ಓಲೆಪ್ರತಿಗಳು ಒಂದೇ ಲೋಪವನ್ನು ತೋರಿದರೆ ಅವುಗಳ ಸಾಕ್ಷ್ಯವನ್ನು ಒಂದೆಂದೇ ಎಣಿಸುತ್ತಾರೆ. ಆದ್ದರಿಂದ ಸರ್ವರುಗಳ ಸರಣಿಗೆ ಸೇರದ, ತಾರೀಖು ಬರೆದು ಮುದ್ರೆಯೊತ್ತಿದ ಪ್ರತಿಯೊಂದನ್ನು ವರ್ಷವರ್ಷವೂ ಬೇರೆ ಊರಿನಲ್ಲಿ ತೆಗೆದಿಡತಕ್ಕದ್ದು. ಅದರ ವೆಚ್ಚವು ಮೇಘದ ಒಂದು ತಿಂಗಳ ಬಾಡಿಗೆಯನ್ನು ಮೀರಬೇಕಾದ ಕಾರಣವಿಲ್ಲ.