ಸಿಒಪಿಡಿ ಉಲ್ಬಣ: ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ 90 ದಿನ ಏಕೆ ಮುಖ್ಯ?

ಚಳಿಗಾಲದಲ್ಲಿ ದೆಹಲಿಯಂತಹ ನಗರಗಳ ಗಾಳಿ ಹದಗೆಟ್ಟಾಗ ಹೆಚ್ಚು ಬಳಲುವವರು ಸಿಒಪಿಡಿ, ಅಂದರೆ ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಇರುವವರು. ಉಸಿರಾಟದ ತೊಂದರೆ ದಿಢೀರ್ ಹೆಚ್ಚಾಗಿ ಆಸ್ಪತ್ರೆ ಸೇರುತ್ತಾರೆ, ಕೆಲವು ದಿನಗಳಲ್ಲಿ ಚೇತರಿಸಿಕೊಂಡು ಮನೆಗೆ ಮರಳುತ್ತಾರೆ. ಮನೆಯವರೂ ನಿರಾಳರಾಗುತ್ತಾರೆ. ಆದರೆ ಅಪಾಯ ಅಲ್ಲಿಗೇ ಮುಗಿಯುವುದಿಲ್ಲ.

ಏನಿದು ಉಲ್ಬಣ?

ಬೀಡಿ-ಸಿಗರೇಟು, ಸೌದೆ ಒಲೆಯ ಹೊಗೆ ಹಾಗೂ ವಾಯುಮಾಲಿನ್ಯ ಸಿಒಪಿಡಿಗೆ ಪ್ರಮುಖ ಕಾರಣಗಳು. 2016ರ ಅಂದಾಜಿನಂತೆ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಸೋಂಕು ಅಥವಾ ಹೊಗೆಯಿಂದ ಶ್ವಾಸನಾಳಗಳ ಉರಿಯೂತ ಹೆಚ್ಚಾದಾಗ ಕೆಲವೇ ದಿನಗಳಲ್ಲಿ ಏದುಸಿರು, ಕೆಮ್ಮು, ಕಫ ಜಾಸ್ತಿಯಾಗುತ್ತವೆ. ಇದೇ ಉಲ್ಬಣ.

ಚಿಕಿತ್ಸೆ ಹೇಗೆ?

ಶ್ವಾಸನಾಳ ಹಿಗ್ಗಿಸುವ ಔಷಧವನ್ನು ಇನ್‌ಹೇಲರ್ ಅಥವಾ ನೆಬ್ಯುಲೈಜರ್ ಮೂಲಕ ಕೊಡುವುದು ಮೊದಲ ಹೆಜ್ಜೆ. ಜೊತೆಗೆ ಸ್ಟೀರಾಯ್ಡ್ ಮಾತ್ರೆ. 5 ದಿನಗಳ ಸ್ಟೀರಾಯ್ಡ್, 14 ದಿನಗಳ ಚಿಕಿತ್ಸೆಯಷ್ಟೇ ಪರಿಣಾಮಕಾರಿ ಎಂದು 2013ರಲ್ಲಿ ಸ್ವಿಟ್ಜರ್ಲೆಂಡ್‌ನ ಅಧ್ಯಯನವೊಂದು ತೋರಿಸಿತು. ಆ್ಯಂಟಿಬಯೋಟಿಕ್ ಎಲ್ಲರಿಗೂ ಬೇಕಿಲ್ಲ. ಕಫದ ಬಣ್ಣ ಹಳದಿ ಅಥವಾ ಹಸಿರಾಗಿ ಬದಲಾಗಿ, ಪ್ರಮಾಣವೂ ಹೆಚ್ಚಾದರೆ ವೈದ್ಯರು ಅದನ್ನು ಪರಿಗಣಿಸುತ್ತಾರೆ.

ಆಕ್ಸಿಜನ್ ವಿಷಯದಲ್ಲಿ ಎಚ್ಚರ ಬೇಕು. ಉಲ್ಬಣದ ವೇಳೆ ಸಿಒಪಿಡಿ ರೋಗಿಗಳಿಗೆ 88ರಿಂದ 92 ಶೇಕಡಾ ಆಮ್ಲಜನಕ ಮಟ್ಟ ಗುರಿ. ಆಕ್ಸಿಮೀಟರ್‌ನಲ್ಲಿ 90 ಕಂಡ ತಕ್ಷಣ ಗಾಬರಿಯಾಗಿ ಆಕ್ಸಿಜನ್ ಹೆಚ್ಚಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಪ್ರಾಣಕ್ಕೇ ಕುತ್ತು ಬರಬಹುದು.

ನಂತರ ಏನಾಗುತ್ತದೆ?

ಕೆನಡಾದ ಕ್ವಿಬೆಕ್‌ನಲ್ಲಿ, ಸಿಒಪಿಡಿಗಾಗಿ ಮೊದಲ ಬಾರಿ ಆಸ್ಪತ್ರೆ ಸೇರಿದ 73 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಜನ 3.6 ವರ್ಷಗಳೊಳಗೆ ಮೃತಪಟ್ಟಿದ್ದರು. ಪ್ರತಿ ಗಂಭೀರ ಉಲ್ಬಣದ ನಂತರ ಮುಂದಿನ ಉಲ್ಬಣ ಇನ್ನಷ್ಟು ಬೇಗ ಬರುತ್ತಿತ್ತು.

ಹೃದಯಕ್ಕೂ ಪೆಟ್ಟು ಬೀಳುತ್ತದೆ. ಹೃದ್ರೋಗ ಅಥವಾ ಅದರ ಅಪಾಯ ಇದ್ದ ಸಿಒಪಿಡಿ ರೋಗಿಗಳಲ್ಲಿ, ಉಲ್ಬಣದ ನಂತರದ 30 ದಿನಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂತಹ ತೊಂದರೆಗಳ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚಿರುವುದು ಕಂಡುಬಂದಿದೆ. ಹೀಗಾಗಿ ಎದೆನೋವು ಬಂದರೆ 'ಕೆಮ್ಮಿ ಕೆಮ್ಮಿ ನೋವು' ಎಂದು ಸುಮ್ಮನಿರಬಾರದು.

90 ದಿನಗಳ ಲೆಕ್ಕ

ಶ್ವಾಸಕೋಶ ಪುನಶ್ಚೇತನ ಎಂದರೆ ತಜ್ಞರ ನಿಗಾದಲ್ಲಿ ನಡೆಯುವ ನಡಿಗೆ, ಸ್ನಾಯು ವ್ಯಾಯಾಮ ಮತ್ತು ರೋಗದ ಬಗ್ಗೆ ತಿಳಿವಳಿಕೆ. ಅಮೆರಿಕದಲ್ಲಿ ಸುಮಾರು 1.97 ಲಕ್ಷ ಹಿರಿಯ ರೋಗಿಗಳ ಮಾಹಿತಿ ಪರಿಶೀಲಿಸಿದ 2020ರ ಅಧ್ಯಯನದಲ್ಲಿ, ಬಿಡುಗಡೆಯಾದ 90 ದಿನಗಳೊಳಗೆ ಇದನ್ನು ಆರಂಭಿಸಿದವರಲ್ಲಿ ಒಂದು ವರ್ಷದೊಳಗಿನ ಸಾವು ಕಡಿಮೆ ಇತ್ತು. ಹಾಗೆ ಆರಂಭಿಸಿದವರು ಕೇವಲ ಶೇ. 1.5ರಷ್ಟು. ಇವರು ಮೊದಲೇ ತುಸು ಗಟ್ಟಿಮುಟ್ಟಾಗಿದ್ದಿರಬಹುದು ಎಂಬುದನ್ನೂ ನೆನಪಿಡಬೇಕು. ಆದರೂ ಉಸಿರಾಟ ಮತ್ತು ನಡಿಗೆಯ ಸಾಮರ್ಥ್ಯ ಸುಧಾರಿಸಲು ಇದು ನೆರವಾಗುತ್ತದೆ ಎಂಬುದು ಇತರ ಪ್ರಯೋಗಗಳಿಂದಲೂ ದೃಢಪಟ್ಟಿದೆ.

ಮನೆಯವರು ಏನು ಮಾಡಬೇಕು?

* ಬಿಡುಗಡೆಯಾದ ಒಂದರಿಂದ ನಾಲ್ಕು ವಾರದೊಳಗೆ ವೈದ್ಯರನ್ನು ಮತ್ತೆ ಕಾಣಿ.
* ಇನ್‌ಹೇಲರ್ ಬಳಸುವ ರೀತಿಯನ್ನು ವೈದ್ಯರ ಎದುರೇ ಮಾಡಿ ತೋರಿಸಿ. ಆರಾಮವಾಯಿತೆಂದು ನಿಲ್ಲಿಸಬೇಡಿ.
* ಧೂಮಪಾನ ಪೂರ್ತಿ ಬಿಡಬೇಕು. ಮನೆಯೊಳಗೆ ಹೊಗೆ ಬೇಡ.
* ಫ್ಲೂ ಹಾಗೂ ನ್ಯುಮೋಕಾಕಲ್ ಲಸಿಕೆ ಬಗ್ಗೆ ಕೇಳಿ.
* ಉಳಿದ ಸ್ಟೀರಾಯ್ಡ್ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನುಂಗಬೇಡಿ.

ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಆಡಲೂ ಉಸಿರು ಸಾಲದಿದ್ದರೆ, ರೋಗಿ ಗೊಂದಲಗೊಂಡರೆ ಅಥವಾ ವಿಪರೀತ ಮಂಪರಿನಲ್ಲಿದ್ದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.